ಶಾಲೆಯಲ್ಲಿ ಯಾರೂ ಓದದ ಪುಸ್ತಕ

ಹೈಸ್ಕೂಲಿನಲ್ಲಿ ದಿನಕ್ಕೆ ಎರಡು ಸಲ ತಪ್ಪದೆ ತೆರೆಯುವ ಪುಸ್ತಕ ಒಂದೇ, ಅದು ಹಾಜರಿ ಪುಸ್ತಕ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಹೆಸರಿನ ಮುಂದೆ ಒಂದು ಓರೆಗೆರೆ, ಮಧ್ಯಾಹ್ನ ಊಟದ ಬಿಡುವು ಮುಗಿದ ಮೇಲೆ ಅದಕ್ಕೆ ಅಡ್ಡವಾಗಿ ಇನ್ನೊಂದು. ಬಾರದವರ ಮುಂದೆ ಕೆಂಪು ಶಾಯಿಯಲ್ಲಿ ‘ಗೈ’. ತಿಂಗಳ ಕೊನೆಗೆ ಒಟ್ಟು ಹಾಕಿ, ಶೇಕಡಾವಾರು ತೆಗೆದು, ಮುಖ್ಯೋಪಾಧ್ಯಾಯರ ಸಹಿ ಮಾಡಿಸಿದರೆ ಕೆಲಸ ಮುಗಿಯಿತು. ಹಾವೇರಿ ಜಿಲ್ಲೆಯ ಹೈಸ್ಕೂಲೊಂದರಲ್ಲಿ 31 ವರ್ಷ ಗಣಿತ ಕಲಿಸಿದ ನಾನು ಇಂಥ ಪುಸ್ತಕಗಳನ್ನು ವರ್ಷಕ್ಕೊಂದರಂತೆ ತುಂಬಿಸಿದ್ದೇನೆ. ಓದಲು ಶುರು ಮಾಡಿದ್ದು ಮಾತ್ರ ನಿವೃತ್ತಿಗೆ ಆರೇಳು ವರ್ಷ ಉಳಿದಾಗ.

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು ಶೇ 75ರಷ್ಟು ಹಾಜರಿ ಬೇಕು. ಯಾರ್‍ಯಾರಿಗೆ ಕಡಿಮೆ ಬಿದ್ದಿದೆ ಎಂದು ಒಂದು ಸಂಜೆ ಪಟ್ಟಿ ಮಾಡುತ್ತ ಕೂತಿದ್ದೆ. ಕೆಂಪು ಅಕ್ಷರಗಳು ಹಾಳೆಯ ಮೇಲೆ ಎಲ್ಲೆಂದರಲ್ಲಿ ಬಿದ್ದಿಲ್ಲ, ಅವುಗಳಿಗೊಂದು ನಡೆಯಿದೆ ಅಂತ ಅವತ್ತು ಕಣ್ಣಿಗೆ ಬಿತ್ತು. ಹಾಳೆಯನ್ನು ಮೇಲಿನಿಂದ ಕೆಳಗೆ ಓದಿದರೆ ಊರಿನ ದಿನಚರಿ ಕಾಣುತ್ತದೆ: ಸಂತೆಯ ದಿನ ಹತ್ತು ‘ಗೈ’, ಜಾತ್ರೆಯ ಮರುದಿನ ಅರ್ಧ ತರಗತಿ ಖಾಲಿ. ಎಡದಿಂದ ಬಲಕ್ಕೆ ಓದಿದರೆ ಒಂದೊಂದು ಮಗುವಿನ ಕಥೆ. ಒಬ್ಬ ಬೆಳಿಗ್ಗೆ ಇದ್ದು ಮಧ್ಯಾಹ್ನ ಇರುವುದಿಲ್ಲ. ಒಬ್ಬಳು ತಿಂಗಳಿಗೆ ಸರಿಯಾಗಿ ಮೂರು ದಿನ ಇರುವುದಿಲ್ಲ. ಒಬ್ಬ ಕಿರುಪರೀಕ್ಷೆಯ ದಿನ ಮಾತ್ರ ಬರುವುದಿಲ್ಲ. ಇನ್ನೊಬ್ಬ ಅಕ್ಟೋಬರಿನವರೆಗೆ ಒಂದು ದಿನವೂ ತಪ್ಪಿಸದೆ, ಆಮೇಲೆ ಮೂರು ತಿಂಗಳು ಆಗೊಮ್ಮೆ ಈಗೊಮ್ಮೆ ಮುಖ ತೋರಿಸಿ, ಫೆಬ್ರುವರಿಯಲ್ಲಿ ಮತ್ತೆ ಬರುತ್ತಾನೆ. ಇವರೆಲ್ಲರಿಗೂ ನಾವು ಇಟ್ಟಿದ್ದ ಹೆಸರು ಒಂದೇ, ಸಾಲಿ ತಪ್ಪಿಸುವವರು. ಎಲ್ಲರಿಗೂ ಹೇಳುತ್ತಿದ್ದ ಮಾತೂ ಒಂದೇ: ನಾಳೆ ನಿಮ್ಮಪ್ಪನ್ನ ಕರ್ಕೊಂಡ ಬಾ.

‘ಶಾಲೆಗೆ ಚಕ್ಕರ್, ಊಟಕ್ಕೆ ಹಾಜರ್’ ಎಂಬ ಮಾತು ನಮ್ಮಲ್ಲಿ ಎಷ್ಟು ಹಳೆಯದೆಂದರೆ, ಶಾಲೆ ತಪ್ಪಿಸುವುದು ಸೋಮಾರಿಗಳ ಕೆಲಸ ಎಂದು ನಾವು ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದೇವೆ. ಕೆಲವು ಸಲ ಅದು ನಿಜವೂ ಹೌದು. ಬೇಸಿಗೆ ಹತ್ತಿರವಾದಂತೆ ಬಾವಿಗೆ, ಕೆರೆಗೆ ಈಜಲು ಹೋಗುವ ಹುಡುಗರು ಎಲ್ಲ ಕಾಲದಲ್ಲೂ ಇದ್ದಾರೆ. ನನಗೆ ಈಗ ಭಯವಾಗುವುದು ಹೊಲಹೊಲದಲ್ಲೂ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಗಳನ್ನು ಕಂಡಾಗ. ಅವುಗಳ ಅಂಚು ಜಾರುತ್ತದೆ, ಇಳಿದವರು ಹತ್ತಲಾರರು. ಆದರೆ ಒಂದು ದಿನ ಈಜಿ, ಮರುದಿನ ಬೈಸಿಕೊಂಡು ತರಗತಿಗೆ ಬಂದು ಕೂರುವ ಹುಡುಗ ಶಾಲೆ ಬಿಡುವುದಿಲ್ಲ. ಬಿಡುವವರ ದಾರಿ ಬೇರೆ.

ನಮ್ಮ ರಾಜ್ಯದಲ್ಲಿ ಬಹಳಷ್ಟು ಮಕ್ಕಳು ಏಳನೆಯ ತರಗತಿಯವರೆಗೆ ತಮ್ಮ ಊರಿನ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಓದುತ್ತಾರೆ. ಎಂಟಕ್ಕೆ ಮೂರು ನಾಲ್ಕು ಕಿಲೋಮೀಟರ್ ಆಚೆಯ ಹೈಸ್ಕೂಲು. ಅಲ್ಲಿಯವರೆಗೆ ಹೆಸರು, ಅಡ್ಡಹೆಸರು, ಅವ್ವ ಅಪ್ಪನ ಕಷ್ಟಸುಖ ಎಲ್ಲ ಗೊತ್ತಿದ್ದ ಇಬ್ಬರು ಮೂವರು ಶಿಕ್ಷಕರ ಕೈಯಲ್ಲಿದ್ದ ಹುಡುಗ ಒಮ್ಮೆಲೆ ಆರು ವಿಷಯ, ಆರು ಶಿಕ್ಷಕರು, 45 ನಿಮಿಷಕ್ಕೊಂದು ಗಂಟೆಯ ಜಗತ್ತಿಗೆ ಬರುತ್ತಾನೆ. ಅವನಿಗೆ ಭಾಗಾಕಾರ ಬರುವುದಿಲ್ಲ, ನಾವು ಬೀಜೋಕ್ತಿ ಶುರು ಮಾಡುತ್ತೇವೆ. ಕನ್ನಡವನ್ನೇ ತಡವರಿಸಿ ಓದುತ್ತಾನೆ, ಇಂಗ್ಲಿಷ್ ಪದ್ಯ ಬಾಯಿಪಾಠ ಒಪ್ಪಿಸಬೇಕು. ಜೂನ್ ತಿಂಗಳಲ್ಲಿ ‘ಸೇತುಬಂಧ’ ಎಂಬ ಹೆಸರಿನಲ್ಲಿ ಹಿಂದಿನ ಪಾಠಗಳನ್ನು ಮರುಕಳಿಸುತ್ತೇವೆ. ಪೂರ್ವಪರೀಕ್ಷೆ, ಸಾಫಲ್ಯ ಪರೀಕ್ಷೆ ಎರಡನ್ನೂ ಮಾಡಿ ಕಡತಕ್ಕೆ ಸೇರಿಸುತ್ತೇವೆ. ನಾಲ್ಕು ವರ್ಷ ಹಿಂದೆ ಬಿದ್ದ ಮಗುವನ್ನು ಕೆಲವೇ ದಿನಗಳಲ್ಲಿ ದಡ ಸೇರಿಸಲಾಗದು ಎಂಬುದು ಪಾಠ ಮಾಡುವವರಿಗೆಲ್ಲ ಗೊತ್ತು. ‘ಮರುಸಿಂಚನ’ದಂಥ ಪರಿಹಾರ ಬೋಧನೆಯ ಕಾರ್ಯಕ್ರಮಗಳು ಈಚೆಗೆ ಬಂದಿವೆ. ಇವು ವರ್ಷವಿಡೀ, ವೇಳಾಪಟ್ಟಿಯಲ್ಲೇ ಒಂದು ಅವಧಿ ಪಡೆದು ನಡೆದ ಕಡೆ ಗುಣ ಕಾಣುತ್ತದೆ.

ಹೀಗೆ ಹಿಂದೆ ಬಿದ್ದವನು ಶಾಲೆ ತಪ್ಪಿಸುವ ರೀತಿಯನ್ನು ಹತ್ತಿರದಿಂದ ನೋಡಬೇಕು. ಮೊದಲ ದಿನ ತಪ್ಪಿಸುವುದು ಮನೆಗೆಲಸ ಮಾಡಿಲ್ಲ ಎಂದು. ಎರಡನೆಯ ದಿನ ತಪ್ಪಿಸುವುದು ಮೊದಲ ದಿನ ಬಂದಿಲ್ಲ ಎಂದು, ಏಕೆಂದರೆ ಈಗ ರಜಾಚೀಟಿ ಬೇಕು, ಅದರ ಮೇಲೆ ಅಪ್ಪನ ಸಹಿ ಬೇಕು. ಮೂರನೆಯ ದಿನ ಎರಡು ದಿನದ ಲೆಕ್ಕ ಕೊಡಬೇಕು. ವಾರ ಕಳೆಯುವಷ್ಟರಲ್ಲಿ ಮನೆಗೆಲಸ ಎಂಬ ಮೂಲ ಕಾರಣ ಅವನಿಗೇ ಮರೆತಿರುತ್ತದೆ, ಉಳಿದಿರುವುದು ತರಗತಿಯ ಬಾಗಿಲಲ್ಲಿ ನಿಂತು ‘ಒಳಗ ಬರ್ಲೇನ್ರಿ ಸರ’ ಎಂದು ಕೇಳುವ ಆ ಒಂದು ಗಳಿಗೆಯ ಭಯ. ನಲವತ್ತು ಜೋಡಿ ಕಣ್ಣು ತಿರುಗುತ್ತವೆ. ‘ಬಂದ್ರೇನಪಾ ಸಾಹೇಬ್ರು’ ಎಂದು ಶಿಕ್ಷಕರು ಅನ್ನುತ್ತಾರೆ, ತರಗತಿ ನಗುತ್ತದೆ. ನಾನು ಅಂದಿದ್ದೇನೆ. ಆ ಮಾತು ಬೆತ್ತಕ್ಕಿಂತ ಹೆಚ್ಚು ದಿನ ನೋಯುತ್ತದೆ ಎಂಬುದು ನನಗೆ ತಡವಾಗಿ ತಿಳಿಯಿತು.

ಅಕ್ಟೋಬರಿಗೆ ಮಾಯವಾಗುವ ಹುಡುಗನ ಕಥೆ ಬೇರೆ. ಗೋವಿನಜೋಳದ ಕಟಾವು, ಆಮೇಲೆ ಹತ್ತಿ ಬಿಡಿಸುವುದು, ಅದು ಮುಗಿಯುವ ಹೊತ್ತಿಗೆ ಮೆಣಸಿನಕಾಯಿ. ಆಳಿನ ಅಭಾವ ಇರುವ ಆ ತಿಂಗಳುಗಳಲ್ಲಿ ಹದಿನಾಲ್ಕರ ಹುಡುಗನ ಕೈಯೂ ಒಂದು ಆಳೇ. ನಮ್ಮ ರಾಣೆಬೆನ್ನೂರು, ಹಾವೇರಿ ಭಾಗದ ಬೀಜೋತ್ಪಾದನೆಯ ಹೊಲಗಳಲ್ಲಿ ಇನ್ನೂ ಸೂಕ್ಷ್ಮವಾದ ಲೆಕ್ಕವಿದೆ. ಹೈಬ್ರಿಡ್ ಹತ್ತಿಯ ಬೀಜ ಮಾಡಲು ಒಂದೊಂದು ಹೂವನ್ನೂ ಕೈಯಿಂದಲೇ ಕ್ರಾಸ್ ಮಾಡಬೇಕು. ನಾಳೆ ಅರಳುವ ಮೊಗ್ಗನ್ನು ಇವತ್ತು ಸಂಜೆಯೇ ಬಿಡಿಸಿ ಕೇಸರ ಕಿತ್ತಿಡಬೇಕು. ಬೆಳಿಗ್ಗೆ ಗಂಡು ಸಾಲಿನ ಹೂ ತಂದು ಅದರ ಪರಾಗ ಸವರಬೇಕು. ಹೂವಿನ ವೇಳೆ ಮೀರಿದರೆ ಕಾಯಿ ಕಟ್ಟುವುದಿಲ್ಲ. ಅಂದರೆ ಶಾಲೆಯ ಮೊದಲ ಎರಡು ಅವಧಿ, ಕೊನೆಯ ಎರಡು ಅವಧಿ ಹೊಲದ ಪಾಲು. ನಡುವೆ ಬಂದು ಕೂತ ಹುಡುಗಿಯ ಬೆರಳ ತುದಿ ಹಳದಿಯಾಗಿರುತ್ತದೆ, ಕಣ್ಣು ಮುಚ್ಚುತ್ತಿರುತ್ತವೆ. ತಡವಾಗಿ ಬಂದಳೆಂದು ಅವಳನ್ನು ಹೊರಗೆ ನಿಲ್ಲಿಸಿದರೆ ಅವಳು ಮರುದಿನ ಆ ಎರಡು ಅವಧಿಗೂ ಬರುವುದಿಲ್ಲ.

ಕಲಬುರಗಿ, ಯಾದಗಿರಿ, ರಾಯಚೂರು ಕಡೆ ಇದೇ ಕಥೆ ಗುಳೆಯ ರೂಪದಲ್ಲಿದೆ. ಬೆಂಗಳೂರು, ಪುಣೆ, ಗೋವಾ, ಹೈದರಾಬಾದ್ ಎಂದು ಕುಟುಂಬವೇ ಹೊರಟಾಗ ಹೈಸ್ಕೂಲಿನ ಹುಡುಗನಿಗೆ ಎರಡೇ ದಾರಿ. ಜೊತೆಗೆ ಹೋಗಿ ಇಟ್ಟಿಗೆ ಹೊರಬೇಕು, ಇಲ್ಲ ಮುದುಕಿ ಅಜ್ಜಿಯ ಜೊತೆ ಉಳಿದು ತಾನೇ ರೊಟ್ಟಿ ಬೇಯಿಸಿಕೊಂಡು ಶಾಲೆಗೆ ಬರಬೇಕು.

ಕಾನೂನು ಈ ವಯಸ್ಸಿನವರ ವಿಷಯದಲ್ಲಿ ವಿಚಿತ್ರವಾಗಿ ಕೈಬಿಡುತ್ತದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯೂ 14ರೊಳಗಿನವರನ್ನು ದುಡಿಸಿಕೊಳ್ಳುವುದನ್ನು ನಿಷೇಧಿಸಿ, 14ರಿಂದ 18ರವರಿಗೆ ಅಪಾಯಕಾರಿ ಕೆಲಸಗಳನ್ನಷ್ಟೇ ನಿಷೇಧಿಸಿತು. ಹೈಸ್ಕೂಲಿನ ಮೆಟ್ಟಿಲು ಹತ್ತುವ ವಯಸ್ಸು ಹೆಚ್ಚುಕಡಿಮೆ ಅದೇ 14. ಓದುವ ಹಕ್ಕು ಮುಗಿಯುವುದೂ ದುಡಿಯುವ ಅವಕಾಶ ತೆರೆಯುವುದೂ ಒಂದೇ ಹುಟ್ಟುಹಬ್ಬದ ದಿನ. 2013ರಲ್ಲಿ ಪತ್ರಿಕಾ ವರದಿಯೊಂದನ್ನು ಆಧರಿಸಿ ಕರ್ನಾಟಕ ಹೈಕೋರ್ಟ್ ಶಾಲೆಯಿಂದ ಹೊರಗುಳಿದ ಮಕ್ಕಳ ಬಗ್ಗೆ ಸ್ವಯಂಪ್ರೇರಿತ ಪ್ರಕರಣ ದಾಖಲಿಸಿಕೊಂಡಿತು. ಅದುವರೆಗೆ ಮಗು ಸತತ 60 ದಿನ ಬಾರದಿದ್ದರೆ ಮಾತ್ರ ಹೊರಗುಳಿದದ್ದೆಂದು ಎಣಿಸುತ್ತಿದ್ದರು. ಆ ಪ್ರಕರಣದ ನಂತರ ಅದು ಏಳು ದಿನಕ್ಕೆ ಇಳಿಯಿತು. ನನ್ನ ಅನುಭವದಲ್ಲಿ ಏಳೂ ಹೆಚ್ಚೇ, ಮಗು ಕೈತಪ್ಪುವುದು ಮೂರನೆಯ ದಿನ. ಆದರೂ ಅರವತ್ತರಿಂದ ಏಳಕ್ಕೆ ಬಂದದ್ದು ದೊಡ್ಡ ಹೆಜ್ಜೆ.

ಹೆಣ್ಣುಮಕ್ಕಳ ‘ಗೈ’ಯನ್ನು ಓದಲು ನಮಗೆ, ಗಂಡಸು ಶಿಕ್ಷಕರಿಗೆ, ಬಹಳ ಕಾಲ ಬರಲಿಲ್ಲ. ತಿಂಗಳಿಗೆ ಮೂರು ದಿನ ತಪ್ಪುವ ಹುಡುಗಿಯನ್ನು ‘ಏನವ್ವಾ, ಊರಿಗೆ ಹೋಗಿದ್ದೇನು’ ಎಂದು ಎಲ್ಲರೆದುರು ಕೇಳಿ ತಲೆ ತಗ್ಗಿಸುವಂತೆ ಮಾಡಿದ್ದೇವೆ. ನಮ್ಮಲ್ಲಿಗೆ ವರ್ಗವಾಗಿ ಬಂದ ವಿಜ್ಞಾನ ಶಿಕ್ಷಕಿಯೊಬ್ಬರು ಒಂದು ದಿನ ಹಾಜರಿ ಪುಸ್ತಕ ಹಿಡಿದು ಮುಖ್ಯೋಪಾಧ್ಯಾಯರ ಕೋಣೆಗೆ ಬಂದರು. ‘ಶೌಚಾಲಯಕ್ಕ ಚಿಲಕ ಇಲ್ಲ, ಒಳಗ ನೀರಿಲ್ಲ. ಹುಡುಗ್ಯಾರು ಹೆಂಗ ಬರ್ಬೇಕ್ರಿ ಸರ?’ ಎಂದರು. ಚಿಲಕಕ್ಕೆ ಎಷ್ಟು ಖರ್ಚಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ. ನೀರಿನ ತೊಟ್ಟಿಯನ್ನು ಶಾಲಾಭಿವೃದ್ಧಿ ಸಮಿತಿಯವರು ಕಟ್ಟಿಸಿದರು. ಮುಂದಿನ ವರ್ಷದ ಪುಸ್ತಕದಲ್ಲಿ ಆ ಮೂರು ಮೂರು ಕೆಂಪು ಅಕ್ಷರಗಳು ತೆಳುವಾದವು. ಸ್ಯಾನಿಟರಿ ಪ್ಯಾಡ್ ಕೊಡುವ ಸರ್ಕಾರದ ಶುಚಿ ಯೋಜನೆ ನಡುವೆ ಕೆಲವು ವರ್ಷ ನಿಂತುಹೋಗಿ ಮತ್ತೆ ಶುರುವಾಯಿತು. ನಿಂತ ವರ್ಷಗಳಲ್ಲಿ ಏನಾಯಿತೆಂದು ಯಾವ ಶಾಲೆಯ ಹಾಜರಿ ಪುಸ್ತಕವೂ ಹೇಳಬಲ್ಲದು.

ಇನ್ನೊಂದು ಬಗೆಯ ಗೈರುಹಾಜರಿ ಇದಕ್ಕಿಂತ ಕಷ್ಟದ್ದು. ಚೆನ್ನಾಗಿ ಓದುವ ಹುಡುಗಿ, ಇದ್ದಕ್ಕಿದ್ದಂತೆ ವಾರಕ್ಕೆರಡು ದಿನ ಬರುವುದಿಲ್ಲ. ಬಸ್ ಸ್ಟಾಪಿನಲ್ಲಿ ಯಾರೋ ಬೈಕಿನವನು ಕಾಡುತ್ತಿರುತ್ತಾನೆ. ಅವಳು ಮನೆಯಲ್ಲಿ ಹೇಳುವುದಿಲ್ಲ, ಹೇಳಿದರೆ ಶಾಲೆ ಬಿಡಿಸುತ್ತಾರೆ. ನಾವು ನಿಯಮದ ಪ್ರಕಾರ ತಂದೆಗೆ ಫೋನ್ ಮಾಡಿ ‘ನಿಮ್ಮ ಮಗಳು ನಿನ್ನೆ ಶಾಲೆಗೆ ಬಂದಿಲ್ಲ’ ಎನ್ನುತ್ತೇವೆ. ಮನೆಯಿಂದ ಹೊರಟವಳು ಶಾಲೆಗೆ ಬಂದಿಲ್ಲ ಎಂಬ ಒಂದೇ ವಾಕ್ಯ ಸಾಕು, ತಿಂಗಳೊಳಗೆ ಗಂಡು ಹುಡುಕುತ್ತಾರೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 20ರಿಂದ 24 ವರ್ಷದ ಮಹಿಳೆಯರಲ್ಲಿ ಶೇ 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಆ ಮದುವೆಗಳಲ್ಲಿ ಕೆಲವಕ್ಕಾದರೂ ನಮ್ಮಂಥ ಶಾಲೆಗಳ ಫೋನ್ ಕರೆ ಕಾರಣವಾಗಿದೆ ಎಂದು ನಾನು ಬಲ್ಲೆ. ಮೊದಲು ಹುಡುಗಿಯನ್ನು ಕೇಳಬೇಕು. ಒಬ್ಬ ಶಿಕ್ಷಕಿ, ಬೇರೆ ಯಾರೂ ಇಲ್ಲದ ಕೋಣೆ, ಹತ್ತು ನಿಮಿಷ, ಇಷ್ಟು ಸಿಕ್ಕರೆ ಅವಳು ಹೇಳುತ್ತಾಳೆ. ಆಮೇಲೆ ಪಂಚಾಯಿತಿಯೋ, ಪೊಲೀಸರೋ, 1098 ಮಕ್ಕಳ ಸಹಾಯವಾಣಿಯೋ ಎಂಬುದನ್ನು ನಿಶ್ಚಯಿಸಬಹುದು. ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಹುಡುಗಿಯರು ಎದ್ದು ನಿಂತು ಬಸ್ ಸ್ಟಾಪಿನ ದೀಪ ಕೇಳಿದ್ದನ್ನು ನೋಡಿದ್ದೇನೆ. ಆ ದೀಪ ಯಾಕೆ ಬೇಕೆಂದು ಸಭೆಯಲ್ಲಿದ್ದ ಹೆಂಗಸರಿಗೆಲ್ಲ ಗೊತ್ತಿತ್ತು.

ಮೊಬೈಲಿನ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಹೆಚ್ಚು ಬರೆಯುವುದಿಲ್ಲ. ಕೋವಿಡ್ ಕಾಲದಲ್ಲಿ ಪಾಠಕ್ಕೆಂದು ನಾವೇ ಕೈಗೆ ಕೊಡಿಸಿದ್ದು ಅದು. 2021ರ ಎಸ್ಸೆಸ್ಸೆಲ್ಸಿ ಪರೀಕ್ಷೆ ಎರಡೇ ದಿನಕ್ಕೆ, ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಮುಗಿದು ಹೆಚ್ಚುಕಡಿಮೆ ಎಲ್ಲರೂ ಪಾಸಾದರು. ಶಾಲೆಗೆ ಬಾರದೆಯೂ ಪಾಸಾಗಬಹುದು ಎಂಬ ಪಾಠವನ್ನು ಹಿಂದಿದ್ದ ತಮ್ಮ ತಂಗಿಯರು ಕಲಿತರು. ರಾತ್ರಿ ಎರಡರವರೆಗೆ ಆಟವಾಡಿದವನು ಬೆಳಿಗ್ಗೆ ಏಳುವುದಿಲ್ಲ, ಅಷ್ಟೇ.

ಶಾಲೆ ಏನು ಮಾಡುತ್ತದೆ ಎಂಬ ಮಾತಿಗೆ ಬರೋಣ. ಹಳೆಯ ಉತ್ತರ ಬೆತ್ತ. ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ದೈಹಿಕ ದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತ ಕಡಿಮೆಯಾಗಿದೆ, ಮಾತಿನ ಬೆತ್ತ ಉಳಿದಿದೆ. ಖಾಸಗಿ ಶಾಲೆಗಳಲ್ಲಿ ದಂಡ, ಪೋಷಕರ ಫೋನಿಗೆ ಸಂದೇಶ. ಸರ್ಕಾರಿ ಶಾಲೆಗಳಲ್ಲಿ ವಿದ್ಯಾರ್ಥಿಯ ಲೆಕ್ಕವೆಲ್ಲ ಸ್ಯಾಟ್ಸ್ ತಂತ್ರಾಂಶದಲ್ಲಿದೆ. ಈಗ ಮುಖ ಗುರುತಿಸಿ ಹಾಜರಿ ಹಾಕುವ ಯಂತ್ರದ ಮಾತೂ ನಡೆದಿದೆ. ಯಂತ್ರ ಸುಳ್ಳು ಹಾಜರಿಯನ್ನು ತಡೆಯಬಹುದು. ಮಗು ಯಾಕೆ ಬಂದಿಲ್ಲ ಎಂದು ಅದು ಕೇಳುವುದಿಲ್ಲ, ಕೇಳುವ ಕೆಲಸ ತನ್ನದಲ್ಲ ಎಂದು ಶಿಕ್ಷಕರೂ ಅಂದುಕೊಂಡರೆ ನಷ್ಟ ಹೆಚ್ಚು. ಸುಳ್ಳು ಹಾಜರಿಯನ್ನು ನಾನೂ ಹಾಕಿದ್ದೇನೆ. ಹತ್ತಿ ಬಿಡಿಸಲು ಹೋಗಿ ಶೇ 75ಕ್ಕೆ ಕಡಿಮೆ ಬಿದ್ದ ಹುಡುಗಿಯ ಕೆಂಪು ಅಕ್ಷರಗಳ ಮೇಲೆ ಗೆರೆ ಎಳೆದು ಪರೀಕ್ಷೆಗೆ ಕೂರಿಸಿದ್ದೇನೆ. ಅದು ತಪ್ಪೆಂದು ಗೊತ್ತಿತ್ತು. ಅವಳನ್ನು ತಡೆದಿದ್ದರೆ ಅವಳ ಓದು ಅಲ್ಲಿಗೆ ಮುಗಿಯುತ್ತಿತ್ತು ಎಂಬುದೂ ಗೊತ್ತಿತ್ತು.

ಫಲಿತಾಂಶದ ಒತ್ತಡ ಎಲ್ಲವನ್ನೂ ಕೆಡಿಸುತ್ತದೆ. 2023ರಲ್ಲಿ ಶೇ 83.89 ಇದ್ದ ಎಸ್ಸೆಸ್ಸೆಲ್ಸಿ ಫಲಿತಾಂಶ, ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ಕೃಪಾಂಕ ಹೆಚ್ಚಿಸಿದ ಮೇಲೂ ಶೇ 73.40ಕ್ಕೆ ಇಳಿಯಿತು. ನೂರಕ್ಕೆ ನೂರು ಫಲಿತಾಂಶದ ಬ್ಯಾನರ್ ಕಟ್ಟಬೇಕಾದ ಶಾಲೆಗೆ ತಪ್ಪಿಸಿಕೊಳ್ಳುವ ಮಗು ಹೊರೆ. ಒಂಬತ್ತನೆಯ ತರಗತಿ ಮುಗಿಯುತ್ತಲೇ ‘ಟಿಸಿ ತಗೊಂಡ ಹೋಗ್ರಿ, ಬ್ಯಾರೆ ಕಡೆ ಹಾಕ್ರಿ’ ಎಂಬ ಮಾತು ಬರುತ್ತದೆ. ಅವನ ಹೆಸರು ಹಾಜರಿ ಪುಸ್ತಕದಿಂದಲೇ ಹೋದ ಮೇಲೆ ಗೈರುಹಾಜರಿಯೂ ಇಲ್ಲ, ಶೇಕಡಾವಾರು ಸುಧಾರಿಸುತ್ತದೆ. ಇದಕ್ಕಿಂತ ದೊಡ್ಡ ಅನ್ಯಾಯವನ್ನು ಶಾಲೆಯೊಂದು ಮಗುವಿಗೆ ಮಾಡಲಾರದು.

ಒಳ್ಳೆಯದೂ ಕಣ್ಣಾರೆ ಕಂಡದ್ದಿದೆ. 2006-07ರಲ್ಲಿ ಎಂಟನೆಯ ತರಗತಿಯ ಹೆಣ್ಣುಮಕ್ಕಳಿಗೆ, ಮರುವರ್ಷ ಗಂಡುಮಕ್ಕಳಿಗೂ ಸೈಕಲ್ ಬಂದಾಗ ನಮ್ಮ ಶಾಲೆಯ ಬೇವಿನ ಮರದ ಕೆಳಗೆ ಸೈಕಲ್ಲುಗಳ ಸಾಲು ನಿಂತಿತು. ಮೊದಲ ಅವಧಿಯ ‘ಗೈ’ಗಳು ಅರ್ಧಕ್ಕಿಳಿದವು. ಕೋವಿಡ್ ವರ್ಷಗಳಲ್ಲಿ ಆ ಯೋಜನೆ ನಿಂತಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಬಸ್ ಉಚಿತ, ಆದರೆ ಬಸ್ಸೇ ಬಾರದ ಊರಿನ ಹುಡುಗಿಗೆ ಸೈಕಲ್ಲೇ ಬೇಕು. ಹೈಸ್ಕೂಲಿಗೂ ವಿಸ್ತರಿಸಿದ ಬಿಸಿಯೂಟ, 2013ರಿಂದ ಹಾಲು, ಆಮೇಲೆ ಮೊಟ್ಟೆ, ಇವುಗಳನ್ನು ಹಂಗಿಸುವವರು ಒಂದು ಸಲ ಬೆಳಿಗ್ಗೆ ಹೊಲದಿಂದ ನೇರ ಶಾಲೆಗೆ ಬರುವ ಮಗುವಿನ ಮುಖ ನೋಡಬೇಕು. ಊಟಕ್ಕಾದರೂ ಹಾಜರಾದ ಮಗುವನ್ನು ಮಧ್ಯಾಹ್ನ ಉಳಿಸಿಕೊಳ್ಳುವುದು ನಮ್ಮ ಕೆಲಸ. ಅದನ್ನು ನಮಗೆ ತೋರಿಸಿಕೊಟ್ಟವರು ದೈಹಿಕ ಶಿಕ್ಷಕರು. ಆಟದ ಅವಧಿಯನ್ನು ಕೊನೆಗೆ ಹಾಕಿಸಿಕೊಂಡು, ಖೋಖೋ ತಂಡದ ಹೆಸರುಗಳನ್ನು ಮಧ್ಯಾಹ್ನದ ಹಾಜರಿ ನೋಡಿ ಆರಿಸುತ್ತಿದ್ದರು. ಊಟ ಮುಗಿಸಿ ಗೋಡೆ ಹಾರುತ್ತಿದ್ದ ನಾಲ್ವರು ಆ ವರ್ಷ ತಾಲ್ಲೂಕು ಮಟ್ಟಕ್ಕೆ ಆಡಿದರು.

ಮನೆ ಭೇಟಿ ಎಲ್ಲಕ್ಕಿಂತ ಫಲ ಕೊಟ್ಟ ಕೆಲಸ. ಹತ್ತನೆಯ ತರಗತಿಯವರ ಮನೆಗೆ ಜನವರಿಯ ನಂತರ ಬೆಳಗಿನ ಜಾವ ಐದಕ್ಕೇ ಹೋಗಿ ಬಾಗಿಲು ಬಡಿದು ಎಬ್ಬಿಸುವ ಶಿಕ್ಷಕರು ನಮ್ಮ ರಾಜ್ಯದಲ್ಲಿ ಬಹಳ ಮಂದಿ ಇದ್ದಾರೆ. ಆ ಶ್ರದ್ಧೆಯಲ್ಲಿ ಸ್ವಲ್ಪವನ್ನು ಎಂಟನೆಯ ತರಗತಿಯ ಜುಲೈ ತಿಂಗಳಿಗೆ ಎತ್ತಿಡಬೇಕು ಎಂಬುದು ನನ್ನ ಬೇಡಿಕೆ. ಮೂರನೆಯ ದಿನದ ‘ಗೈ’ ಕಂಡ ಸಂಜೆಯೇ ಹೋಗಬೇಕು. ಹೋಗಿ ಬಯ್ಯಬಾರದು, ಚಹಾ ಕೊಟ್ಟರೆ ಕುಡಿದು ಬರಬೇಕು. ‘ನಾಳೆ ಮೊದಲನೇ ಅವಧಿಗೆ ಬಾ, ನಾ ಏನೂ ಕೇಳಂಗಿಲ್ಲ’ ಎಂಬ ಒಂದು ಮಾತು ಹೇಳಿ ಬರಬೇಕು, ಮರುದಿನ ನಿಜವಾಗಿಯೂ ಏನೂ ಕೇಳಬಾರದು.

ಈ ಮಾತು ನನಗೆ ಮೊದಲೇ ತಿಳಿದಿದ್ದರೆ ಒಬ್ಬ ಹುಡುಗ ಉಳಿಯುತ್ತಿದ್ದ. ಒಂಬತ್ತನೆಯ ತರಗತಿಯಲ್ಲಿದ್ದ. ಸತತ ಒಂಬತ್ತು ದಿನ ಬರಲಿಲ್ಲ. ಮನೆಯವರು ಶಾಲೆಗೆ ಹೋಗಿದ್ದಾನೆ ಅಂದುಕೊಂಡಿದ್ದರು, ನಾವು ಮನೆಯಲ್ಲಿದ್ದಾನೆ ಅಂದುಕೊಂಡಿದ್ದೆವು. ಹತ್ತನೆಯ ದಿನ ತಂದೆಯನ್ನು ಕರೆಸಿದೆವು. ಅವರು ತರಗತಿಯ ಮುಂದೆಯೇ ಮಗನನ್ನು ಬಡಿದರು, ನಾವು ಬಿಡಿಸಲು ತಡ ಮಾಡಿದೆವು. ಮರುದಿನದಿಂದ ಅವನು ಎಂದೂ ಬರಲಿಲ್ಲ.

ಕಳೆದ ವರ್ಷ ಮಗಳ ಊರಿಂದ ಬರುತ್ತಾ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಗೂಡ್ಸ್ ಆಟೊದಿಂದ ಒಬ್ಬ ಕೆಳಗಿಳಿದು ಬಂದು ಕಾಲು ಮುಟ್ಟಿ ನಮಸ್ಕರಿಸಿದ. ಗುರುತು ಹತ್ತಲಿಲ್ಲ. ಹೆಸರು ಹೇಳಿದ. ನನ್ನ ಚೀಲ ತಾನೇ ಹಿಡಿದುಕೊಂಡು, ಕ್ಯಾಂಟೀನಿನಲ್ಲಿ ಚಹಾ ಕೊಡಿಸಿದ. ಆ ಒಂಬತ್ತು ದಿನ ಎಲ್ಲಿದ್ದೆಯಪ್ಪಾ ಎಂದು, ಇಪ್ಪತ್ತು ವರ್ಷದ ಮೇಲೆ, ಕೇಳಿದೆ.

‘ಇಲ್ಲೇ ಇದ್ನಲ್ರಿ ಸರ’ ಎಂದು ಕಂಟ್ರೋಲ್ ರೂಮಿನ ಪಕ್ಕದ ಕಂಬ ತೋರಿಸಿದ. ‘ಪಾಟಿಚೀಲ ತೊಡಿ ಮ್ಯಾಲೆ ಇಟ್ಕೊಂಡು ಕುಂತಿರ್ತಿದ್ದೆ. ಯಾವ ಬಸ್ಸು ಯಾವಾಗ ಬರ್ತೈತಿ, ಎಷ್ಟು ತಡ ಆತು, ಎಲ್ಲಾ ಲೆಕ್ಕ ಇಡ್ತಿದ್ದೆ. ದಿನಾ ನೀವು ಇಳಿಯೋ ಹೊತ್ತಿಗೆ ಕಂಬದ ಹಿಂದ ಹೋಗಿ ನಿಲ್ತಿದ್ದೆ. ನಿಮ್ಮ ಬಸ್ಸು ಒಂಬತ್ತು ನಲವತ್ತಕ್ಕ ಬರ್ತಿತ್ರಿ. ಮಳಿ ಇದ್ರ ಹತ್ತಕ್ಕ.’